ವೆಬ್‌ಸೈಟ್ ಎಲ್ಲರಿಗೂ ಬಳಸೋಕೆ ಬರುತ್ತಾ? ಬ್ರೌಸರ್‌ನಲ್ಲೇ ಹೀಗೆ ಚೆಕ್ ಮಾಡಿ

ಪಿಂಚಣಿ ಅರ್ಜಿ, ವಿದ್ಯಾರ್ಥಿವೇತನ, ಪರೀಕ್ಷೆ ಫಲಿತಾಂಶ, ಕರೆಂಟ್ ಬಿಲ್ ಎಲ್ಲಾ ಈಗ ಆನ್‌ಲೈನ್. ಆದರೆ ಕಣ್ಣು ಕಾಣದವರು, ಮಂದದೃಷ್ಟಿ ಇರುವವರು, ಕೈ ನಡುಗಿ ಮೌಸ್ ಹಿಡಿಯೋಕೆ ಆಗದವರು ಆ ಪುಟ ತೆರೆದರೆ ಕೆಲಸ ಆಗುತ್ತಾ? ಆಗದಿದ್ದರೆ ಆಧಾರ್ ನಂಬರ್, ಒಟಿಪಿ, ಬ್ಯಾಂಕ್ ವಿವರ ಎಲ್ಲವನ್ನೂ ಇನ್ನೊಬ್ಬರ ಕೈಗೆ ಕೊಡಬೇಕಾಗುತ್ತದೆ.

2011ರ ಜನಗಣತಿ ಪ್ರಕಾರ ದೇಶದಲ್ಲಿ 2.68 ಕೋಟಿ ವಿಕಲಚೇತನರಿದ್ದಾರೆ. ಕರ್ನಾಟಕದಲ್ಲೇ 13 ಲಕ್ಷಕ್ಕೂ ಹೆಚ್ಚು. ಒಂದು ಪುಟ ಇವರಿಗೆ ಬಳಸೋಕೆ ಬರುತ್ತಾ ಅಂತ ನೋಡಲು ವಿಶೇಷ ಸಾಫ್ಟ್‌ವೇರ್ ಬೇಕಿಲ್ಲ. ಕಂಪ್ಯೂಟರ್‌ನಲ್ಲಿರುವ ಕ್ರೋಮ್ ಅಥವಾ ಫೈರ್‌ಫಾಕ್ಸ್ ಸಾಕು.

1. ಮೌಸ್ ಬದಿಗಿಡಿ

ಟ್ಯಾಬ್ ಕೀ ಒತ್ತುತ್ತಾ ಹೋಗಿ. ಹಿಂದೆ ಬರಲು ಶಿಫ್ಟ್ ಜೊತೆ ಟ್ಯಾಬ್, ಲಿಂಕ್ ತೆರೆಯಲು ಎಂಟರ್. ಈಗ ಎಲ್ಲಿದ್ದೀರಿ ಅಂತ ತೋರಿಸುವ ಗೆರೆ ಅಥವಾ ಚೌಕಟ್ಟು ಕಾಣಬೇಕು. ಅರ್ಜಿಯ ಮೊದಲ ಖಾನೆಯಿಂದ ಸಲ್ಲಿಸುವ ಬಟನ್‌ವರೆಗೆ ಮೌಸ್ ಮುಟ್ಟದೆ ತಲುಪಬೇಕು. ಜನ್ಮದಿನಾಂಕದ ಕ್ಯಾಲೆಂಡರ್‌ನಲ್ಲಿ ಸಿಕ್ಕಿಹಾಕಿಕೊಂಡು ಹೊರಗೆ ಬರೋಕೆ ಆಗದಿದ್ದರೆ ಪುಟ ಫೇಲ್.

2. ಅಕ್ಷರ ದೊಡ್ಡದು ಮಾಡಿ

ಕಂಟ್ರೋಲ್ ಹಿಡಿದು ಪ್ಲಸ್ ಒತ್ತಿ, 200 ಪರ್ಸೆಂಟ್‌ಗೆ ತನ್ನಿ. ಅಕ್ಷರ ಒಂದರ ಮೇಲೊಂದು ಬೀಳಬಾರದು, ಬಟನ್ ಮಾಯ ಆಗಬಾರದು. ಆಮೇಲೆ 400ಕ್ಕೆ ಏರಿಸಿ. ದೊಡ್ಡ ಪಟ್ಟಿ, ನಕ್ಷೆ ಬಿಟ್ಟರೆ ಉಳಿದದ್ದನ್ನು ಓದಲು ಪುಟವನ್ನು ಅಡ್ಡಕ್ಕೆ ಎಳೆಯುವಂತಿರಬಾರದು. ಮೊದಲಿನಂತೆ ಮಾಡಲು ಕಂಟ್ರೋಲ್ ಜೊತೆ ಸೊನ್ನೆ.

3. ಚಿತ್ರ ಆಫ್ ಮಾಡಿ

ಕ್ರೋಮ್ ಸೆಟ್ಟಿಂಗ್ಸ್‌ನಲ್ಲಿ ಪ್ರೈವಸಿ ವಿಭಾಗದೊಳಗೆ ಸೈಟ್ ಸೆಟ್ಟಿಂಗ್ಸ್, ಅಲ್ಲಿ ಇಮೇಜಸ್. ಚಿತ್ರ ಬರದಂತೆ ಮಾಡಿ ಪುಟ ರಿಫ್ರೆಶ್ ಮಾಡಿ. ಚಿತ್ರದ ಜಾಗದಲ್ಲಿ ಅದು ಏನು ಅಂತ ಬರಹ ಇರಬೇಕು. ಪರದೆಯಲ್ಲಿರುವುದನ್ನು ಗಟ್ಟಿಯಾಗಿ ಓದಿ ಹೇಳುವ ಸ್ಕ್ರೀನ್ ರೀಡರ್‌ಗೆ ಸಿಗೋದು ಆ ಬರಹವೇ. ಕೊನೆ ದಿನಾಂಕ ಬರೀ ಪೋಸ್ಟರ್‌ನಲ್ಲಿದ್ದರೆ ಕಣ್ಣು ಕಾಣದವರಿಗೆ ಅದು ಗೊತ್ತೇ ಆಗಲ್ಲ. ಕ್ಯಾಪ್ಚಾ ಇದ್ದರೆ ಕೇಳಿಸಿಕೊಂಡು ತುಂಬುವ ದಾರಿಯೂ ಇರಬೇಕು. ನೋಡಿಯಾದ ಮೇಲೆ ಚಿತ್ರ ಮತ್ತೆ ಆನ್ ಮಾಡಿಕೊಳ್ಳಿ.

4. ಬಣ್ಣ ಬದಲಿಸಿ

ಫೈರ್‌ಫಾಕ್ಸ್ ಸೆಟ್ಟಿಂಗ್ಸ್‌ಗೆ ಹೋಗಿ, ಪುಟದ ಬಣ್ಣದ ಬದಲು ಕಪ್ಪು ಬಿಳುಪು ಬರುವಂತೆ ಮಾಡಿ. 'ಕೆಂಪು ಬಣ್ಣದ ಖಾನೆ ಕಡ್ಡಾಯ' ಅಂತ ಮಾತ್ರ ಬರೆದಿದ್ದರೆ ಯಾವುದು ಕಡ್ಡಾಯ ಅಂತ ಈಗ ತಿಳಿಯಲ್ಲ. ಬಣ್ಣ ಗುರುತಿಸಲಾಗದವರ ಪಾಡು ಯಾವಾಗಲೂ ಇದೇ.

5. ಕನ್ನಡ ಪದ ಹುಡುಕಿ

ಕಂಟ್ರೋಲ್ ಜೊತೆ ಎಫ್ ಒತ್ತಿ, ಕಣ್ಣೆದುರೇ ಇರುವ ಒಂದು ಕನ್ನಡ ಪದ ಟೈಪ್ ಮಾಡಿ. ಸಿಗಲಿಲ್ಲವಾ? ಆ ಸಾಲನ್ನು ಕಾಪಿ ಮಾಡಿ ನೋಟ್‌ಪ್ಯಾಡ್‌ಗೆ ಹಾಕಿ. ಕಾಪಿಯೇ ಆಗದಿದ್ದರೆ ಅದು ಬಹುಶಃ ಸ್ಕ್ಯಾನ್ ಮಾಡಿದ ಚಿತ್ರ. ಅರ್ಥವಿಲ್ಲದ ಅಕ್ಷರ ಬಿದ್ದರೆ ಯುನಿಕೋಡ್ ಅಲ್ಲದ ಹಳೇ ಫಾಂಟ್, ಇಲ್ಲವೇ ಸರಿಯಾಗಿ ತಯಾರಿಸದ ಪಿಡಿಎಫ್. ಕಣ್ಣಿಗೆ ಚೆಂದದ ಕನ್ನಡ, ಸ್ಕ್ರೀನ್ ರೀಡರ್‌ಗೆ ಮಾತ್ರ ಗೊಂದಲ. ಆದೇಶ, ಅರ್ಜಿ ನಮೂನೆಗಳನ್ನು ಹೀಗೆ ಪರೀಕ್ಷಿಸಲೇಬೇಕು.

ಕಾನೂನು ಏನು ಹೇಳುತ್ತೆ?

ವಿಕಲಚೇತನರ ಹಕ್ಕುಗಳ ಕಾಯ್ದೆ 2016ರ 42ನೇ ಸೆಕ್ಷನ್ ಮಾಹಿತಿ ತಂತ್ರಜ್ಞಾನ ಎಲ್ಲರಿಗೂ ಎಟುಕುವಂತೆ ಮಾಡುವುದು ಸರ್ಕಾರದ ಹೊಣೆ ಎನ್ನುತ್ತದೆ. ಡಿಜಿಟಲ್ ಸೇವೆ ಪಡೆಯುವುದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ ಎಂದು ಸುಪ್ರೀಂ ಕೋರ್ಟ್ 2025ರ ಏಪ್ರಿಲ್ 30ರಂದು ಹೇಳಿದೆ.

ತೊಂದರೆ ಕಂಡರೆ ಪುಟದ ವಿಳಾಸ, ದಿನಾಂಕ, ಯಾವ ಹಂತದಲ್ಲಿ ನಿಂತಿತು ಎಂಬುದನ್ನು ಬರೆದು, ಸ್ಕ್ರೀನ್‌ಶಾಟ್ ಸಮೇತ ಸಂಬಂಧಪಟ್ಟ ಇಲಾಖೆಗೆ ಕೊಡಿ. ಸರಿಹೋಗದಿದ್ದರೆ ವಿಕಲಚೇತನರ ಅಧಿನಿಯಮದ ರಾಜ್ಯ ಆಯುಕ್ತರಿಗೆ ದೂರು ಕೊಡಬಹುದು.

ಈ ಐದರಲ್ಲಿ ಪಾಸಾದ ಮಾತ್ರಕ್ಕೆ ಪುಟ ಪೂರ್ತಿ ಸರಿ ಇದೆ ಅಂತಲ್ಲ. ಸ್ಕ್ರೀನ್ ರೀಡರ್ ದಿನಾ ಬಳಸುವವರೇ ಒಮ್ಮೆ ಅರ್ಜಿ ತುಂಬಿ ನೋಡಬೇಕು. ಆದರೆ ಒಂದರಲ್ಲಿ ಫೇಲಾದರೂ ಯಾರೋ ಒಬ್ಬರಿಗೆ ಆ ಅರ್ಜಿ ಹಾಕೋಕೆ ಆಗ್ತಿಲ್ಲ ಅಂತಲೇ ಅರ್ಥ.