ಅವರ ಹೆಸರು ಜಾರ್ಜ್ ಅಲ್ಲ

ಅಮೆರಿಕದಲ್ಲಿರೋ ಗೆಳೆಯರೊಬ್ಬರು ಫೋಟೊ ಕಳಿಸಿದ್ರು. ಅರಿಜೋನಾದ ವಿನ್ಸ್ಲೋ ಅನ್ನೋ ಸಣ್ಣ ಊರಿನ 'ಲಾ ಪೊಸಾಡಾ' ಹೋಟೆಲ್. ರೈಲು ಹಳಿ ಪಕ್ಕದಲ್ಲೇ ಇದೆ. ಮೇರಿ ಕೋಲ್ಟರ್ ಎಂಬ ಮಹಿಳೆ ವಿನ್ಯಾಸ ಮಾಡಿದ್ದು, ಶುರುವಾಗಿದ್ದು 1930ರಲ್ಲಿ. 1957ರಲ್ಲಿ ಮುಚ್ಚಿ, ಆಮೇಲೆ ರೈಲ್ವೆ ಆಫೀಸಾಗಿ, ಕೆಡವೋ ಮಾತೂ ಬಂದಿತ್ತು. 1997ರಲ್ಲಿ ಅಲನ್ ಆಫೆಲ್ಟ್, ಟೀನಾ ಮಿಯೋನ್ ಕೊಂಡುಕೊಂಡು ಉಳಿಸಿದರು. ಚೆಂದ ಇದೆ, ಸುಳ್ಳು ಹೇಳಲ್ಲ.

ಆದ್ರೆ ರೈಲು, ಸತ್ಕಾರ ಅಂದ ಕೂಡಲೇ ನನಗೆ ನೆನಪಾಗೋದು ಮಸೂರು ಸ್ಟೇಷನ್ನು. 1901ರಲ್ಲಿ ಬಾಲಕ ಭೀಮರಾವ್ ಅಲ್ಲಿ ಇಳಿದಾಗ, ಮಹಾರ್ ಅಂತ ಗೊತ್ತಾಗಿ ಸ್ಟೇಷನ್ ಮಾಸ್ತರ್ ಹಿಂದೆ ಸರಿದಿದ್ದು. ಹಾಗಾಗಿ ಈ ಹೋಟೆಲಿನ ಬಗ್ಗೆಯೂ ಹುಡುಕಿದೆ: ಸತ್ಕಾರ ಮಾಡಿದ ಕೈಗಳು ಯಾರವು?

ಇದು ಫ್ರೆಡ್ ಹಾರ್ವೆ ಕಂಪನಿಯ ಹೋಟೆಲು. ಊಟದ ಬೋಗಿ ಇಲ್ಲದ ಆ ದಾರಿಯಲ್ಲಿ, 1876ರಲ್ಲಿ ಟೊಪೀಕಾ ಸ್ಟೇಷನ್ನಿನಿಂದ ಶುರು ಮಾಡಿ, ಪ್ರಯಾಣಿಕರಿಗೆ ಒಳ್ಳೆ ಊಟ ಹಾಕಿ ಹೆಸರು ಮಾಡಿದಾತ. ಬಡಿಸೋ 'ಹಾರ್ವೆ ಗರ್ಲ್ಸ್' ಮೇಲೆ 1946ರಲ್ಲಿ ಹಾಲಿವುಡ್ ಸಿನಿಮಾನೇ ಬಂತು. ಆ ಹುಡುಗಿಯರು ಬಂದ ಕಥೆ ಕೇಳಿ. 1883, ನ್ಯೂ ಮೆಕ್ಸಿಕೋದ ರಾಟನ್. ಅಲ್ಲಿ ಬಡಿಸ್ತಿದ್ದವರು ಕಪ್ಪು ಗಂಡಸರು. ಏನೋ ಗಲಾಟೆ ಆಯ್ತು, ಅವರನ್ನ ತೆಗೆದು ಬಿಳಿ ಹುಡುಗಿಯರನ್ನ ತಂದರು ಅಂತ ಹೇಳ್ತಾರೆ.

ರೈಲಿನೊಳಗೆ ಮಾತ್ರ ಕಪ್ಪು ಜನಾನೇ ಬೇಕಿತ್ತು! ಉಳ್ಳವರು ಮಲಗಿ ಬರ್ತಿದ್ದ ಪುಲ್ಮನ್ ಬೋಗಿಗಳಲ್ಲಿ ಹಾಸಿಗೆ ಹಾಸೋಕೆ, ಬೂಟು ಪಾಲಿಶ್ ಮಾಡೋಕೆ, ಲಗೇಜು ಹೊರೋಕೆ. ಮೊದಮೊದಲು ಸೇರಿದವರಲ್ಲಿ ಬಹಳ ಮಂದಿ ಗುಲಾಮಗಿರಿಯಿಂದ ಆಗಷ್ಟೇ ಬಿಡುಗಡೆಯಾದವರು. ತಿಂಗಳಿಗೆ ಸುಮಾರು 400 ಗಂಟೆ ದುಡಿಮೆ, ಟಿಪ್ಸ್ ನಂಬಿಕೊಂಡ ಬದುಕು. ಕಂಪನಿ ಮಾಲೀಕನ ಹೆಸರು ಜಾರ್ಜ್ ಪುಲ್ಮನ್. ಅದಕ್ಕೇ ಪ್ರಯಾಣಿಕರು ಪ್ರತಿ ಪೋರ್ಟರನ್ನೂ 'ಜಾರ್ಜ್' ಅಂತಲೇ ಕರೀತಿದ್ರು. ಒಡೆಯನ ಹೆಸರೇ ಆಳಿನ ಹೆಸರು. ಹೆಸರಿದ್ದೂ 'ಲೇ', 'ಏಯ್' ಅನ್ನಿಸಿಕೊಂಡ ತಾತಂದಿರ ಮೊಮ್ಮಕ್ಕಳಾದ ನಮಗೆ ಇದನ್ನ ಬಿಡಿಸಿ ಹೇಳಬೇಕಾ?

1925ರಲ್ಲಿ ಎ. ಫಿಲಿಪ್ ರಾಂಡಾಲ್ಫ್ ಮುಂದಾಳತ್ವದಲ್ಲಿ ಪೋರ್ಟರುಗಳು ಸಂಘ ಕಟ್ಟಿದರು. 12 ವರ್ಷ ಬಗ್ಗಲಿಲ್ಲ. 1937ರಲ್ಲಿ ಕಂಪನಿ ಸಹಿ ಹಾಕಲೇಬೇಕಾಯ್ತು. ದುಡಿಮೆ ತಿಂಗಳಿಗೆ 240 ಗಂಟೆಗೆ ಇಳೀತು, ಸಂಬಳ ಏರಿತು.

1955ರಲ್ಲಿ ಮಾಂಟ್ಗೊಮರಿಯಲ್ಲಿ ಬಸ್ಸಿನ ಸೀಟು ಬಿಟ್ಟುಕೊಡದೆ ಅರೆಸ್ಟಾದ ರೋಸಾ ಪಾರ್ಕ್ಸ್ ಅವರನ್ನ ಜಾಮೀನಿನ ಮೇಲೆ ಬಿಡಿಸಿಕೊಂಡು ಬಂದವರು ಇ.ಡಿ. ನಿಕ್ಸನ್. ಅವರೂ ಪುಲ್ಮನ್ ಪೋರ್ಟರೇ, ಇದೇ ಸಂಘದವರೇ.

ಜೈಭೀಮ್.