ಕೊನೆಯ ಸಾಲಿನವರೆಗೆ: ದೇವಾಲಯದ ಧ್ವನಿವರ್ಧಕದ ಚರಿತ್ರೆ

ಶತಮಾನೋತ್ಸವದ ಸ್ಮರಣ ಸಂಚಿಕೆಯಲ್ಲಿ ದೇವಾಲಯದ ಅಡಿಗಲ್ಲು, ಗಂಟೆ, ಪ್ರತಿಮೆಗಳು, ಸೇವೆ ಸಲ್ಲಿಸಿದ ಗುರುಗಳ ಪರಂಪರೆ ಇವುಗಳ ವೃತ್ತಾಂತ ಬರುವುದು ವಾಡಿಕೆ. ಆ ಕಾರ್ಯವನ್ನು ನನಗಿಂತ ಬಲ್ಲವರು ಬೇರೆ ಪುಟಗಳಲ್ಲಿ ನೆರವೇರಿಸಿದ್ದಾರೆ. ನಾನು ಆರಿಸಿಕೊಂಡ ವಿಷಯ ಕೆಲವರಿಗೆ ನಗೆ ತರಿಸಿದರೂ ಆಶ್ಚರ್ಯವಿಲ್ಲ. ಅದು ನಮ್ಮ ಧ್ವನಿವರ್ಧಕ. ಹಳ್ಳಿಯ ಮಾತಿನಲ್ಲಿ ಹೇಳುವುದಾದರೆ ಮೈಕ್‌ಸೆಟ್ಟು. ನಮ್ಮ ಧರ್ಮಕೇಂದ್ರಕ್ಕೂ ಈ ಯಂತ್ರಕ್ಕೂ ಹೆಚ್ಚು ಕಡಿಮೆ ಒಂದೇ ವಯಸ್ಸು ಎಂಬುದು ಇದನ್ನು ಬರೆಯಲು ಒಂದು ನೆಪ. ನಿಜವಾದ ಕಾರಣ ಬೇರೆ ಇದೆ.

ಕೆಲವು ವರ್ಷಗಳ ಹಿಂದೆ ಹನೂರು ಭಾಗದ ಒಂದು ಗ್ರಾಮದಲ್ಲಿ ಹಬ್ಬದ ಬಲಿಪೂಜೆಗೆ ಪ್ರಬೋಧನೆ ಮಾಡಲು ನನ್ನನ್ನು ಕರೆದಿದ್ದರು. ಊರಿನ ಯುವಕರು ಚಂದಾ ಎತ್ತಿ ದೊಡ್ಡ ಬಾಡಿಗೆ ತೆತ್ತು ‘ಲೈನ್ ಅರೇ’ ಎಂಬ ಹೊಸ ಮಾದರಿಯ ಸ್ಪೀಕರುಗಳನ್ನು ತರಿಸಿದ್ದರು. ಪೀಠದ ಎಡಬಲಗಳಲ್ಲಿ ನಾಲ್ಕು ನಾಲ್ಕು ಕರಿಯ ಪೆಟ್ಟಿಗೆಗಳನ್ನು ಒಂದರ ಮೇಲೊಂದು ಪೇರಿಸಿದ್ದರು. ನಾನು ಇಪ್ಪತ್ತು ನಿಮಿಷ ಮಾತನಾಡಿದೆ, ಮುಂದಿನವರು ತಲೆದೂಗಿದರು, ನನಗೂ ತೃಪ್ತಿಯಾಯಿತು. ಪೂಜೆ ಮುಗಿದ ಮೇಲೆ ಚಪ್ಪರದ ಕೊನೆಯಲ್ಲಿ ಕುಳಿತಿದ್ದ ವೃದ್ಧೆಯೊಬ್ಬರು ಬಂದು ಕೈಮುಗಿದು, “ಸಾಮಿ, ಸದ್ದು ಬಂತು, ಮಾತು ಬರ್ನಿಲ್ಲ” ಎಂದರು. ಆ ತಾಯಿ ಮೂರು ಮೈಲಿ ನಡೆದು ಬಂದಿದ್ದರು. ಸದ್ದು ಬಂದೂ ಮಾತು ಬಾರದಿರುವುದು ಹೇಗೆ ಎಂಬ ಪ್ರಶ್ನೆ ಅಂದಿನಿಂದ ನನ್ನನ್ನು ಬಿಡಲಿಲ್ಲ. ಪುಸ್ತಕಗಳನ್ನು ಓದಿ, ಬಲ್ಲವರನ್ನು ಕೇಳಿ ನಾನು ತಿಳಿದುಕೊಂಡುದನ್ನು ಇಲ್ಲಿ ನಿವೇದಿಸುತ್ತೇನೆ.

ನಮ್ಮ ಸೀಮೆಯಲ್ಲಿ ಕಂಠಕ್ಕೆ ಎಂದೂ ಬರವಿರಲಿಲ್ಲ. ಮಲೆ ಮಹದೇಶ್ವರನ ದೇವರಗುಡ್ಡರು ಕಂಸಾಳೆ ಹಿಡಿದು, ಮಂಟೇಸ್ವಾಮಿಯ ನೀಲಗಾರರು ತಂಬೂರಿ ಮೀಟಿ ಯಾವ ಯಂತ್ರದ ಹಂಗೂ ಇಲ್ಲದೆ ರಾತ್ರಿಯಿಡೀ ಕಥೆ ಹಾಡುತ್ತಿದ್ದರು. ಆದರೆ ಅಲ್ಲಿ ಕೇಳುಗರು ಗಾಯಕನನ್ನು ಸುತ್ತುವರಿದು ಕೂರುತ್ತಾರೆ. ಎಲ್ಲರೂ ನಾಲ್ಕಾರು ಮಾರಿನೊಳಗೇ ಇರುತ್ತಾರೆ. ದೇವಾಲಯದ ವಿನ್ಯಾಸ ಹಾಗಲ್ಲ. ಅದು ಉದ್ದನೆಯ ಮನೆ. ಮಾತನಾಡುವವನು ಒಂದು ತುದಿಯಲ್ಲಿ, ಕೇಳುವವರಲ್ಲಿ ಅರ್ಧದಷ್ಟು ಜನ ಇನ್ನೊಂದು ತುದಿಯಲ್ಲಿ. ಈ ಕಷ್ಟ ಧರ್ಮಸಭೆಗೆ ಹಳೆಯದು. 1535ರಲ್ಲಿ ವೆನಿಸ್ ನಗರದ ಸಂತ ಫ್ರಾನ್ಸಿಸ್ ದೇವಾಲಯವನ್ನು ಕಟ್ಟುವಾಗ ಫ್ರಾನ್ಸಿಸ್ಕನ್ ಸಭೆಯ ಫ್ರಾಂಚೆಸ್ಕೊ ಜಾರ್ಜಿ ಎಂಬ ಗುರು ಒಂದು ಸಲಹೆಯಿತ್ತರು. ಗಾಯನ ನಡೆಯುವ ಭಾಗಕ್ಕೆ ಕಮಾನಿನ ಛಾವಣಿಯಿರಲಿ, ಪ್ರವಚನ ಕೇಳುವ ಜನ ಕೂರುವ ಭಾಗಕ್ಕೆ ಚೌಕದ ಮಣೆಗಳ ಮಟ್ಟಸವಾದ ಮಾಳಿಗೆಯಿರಲಿ ಎಂಬುದೇ ಆ ಸಲಹೆ. ಹಾಡಿಗೆ ಅನುಕೂಲವಾದ ಅನುರಣನ ಮಾತಿಗೆ ಶತ್ರುವೆಂದು ಆ ಸನ್ಯಾಸಿ ಅಂದೇ ಕಂಡುಕೊಂಡಿದ್ದರು. ಹಳೆಯ ಪ್ರವಚನ ಪೀಠಗಳ ಮೇಲೆ ಕೊಡೆಯಂತೆ ಕಾಣುವ ಮರದ ಹಲಗೆಯೂ ಅಲಂಕಾರಕ್ಕಾಗಿ ಇದ್ದುದಲ್ಲ. ಮೇಲಕ್ಕೆ ಹಾರಿಹೋಗುವ ಧ್ವನಿಯನ್ನು ಅದು ಜನರತ್ತ ತಿರುಗಿಸುತ್ತಿತ್ತು.

ವಿದ್ಯುತ್ತಿನ ಧ್ವನಿವರ್ಧಕ ಸಾರ್ವಜನಿಕರ ಮುಂದೆ ಬಂದುದು ಕ್ರಿಸ್ತಜಯಂತಿಯ ಮುನ್ನಾದಿನವೇ ಎಂಬುದು ಸ್ವಾರಸ್ಯಕರ. 1915ರ ಡಿಸೆಂಬರ್ 24ರಂದು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರಸಭಾ ಭವನದ ಮುಂದೆ ಪೀಟರ್ ಜೆನ್ಸೆನ್ ಮತ್ತು ಎಡ್ವಿನ್ ಪ್ರಿಡಮ್ ಎಂಬ ಇಬ್ಬರು ತಮ್ಮ ‘ಮ್ಯಾಗ್ನಾವಾಕ್ಸ್’ ಯಂತ್ರದಿಂದ ಹಾಡು ಭಾಷಣಗಳನ್ನು ಅಪಾರ ಜನಸ್ತೋಮಕ್ಕೆ ಕೇಳಿಸಿದರು. ಆ ಹೆಸರಿಗೆ ಲತೀನಿನಲ್ಲಿ ಮಹಾಧ್ವನಿ ಎಂದರ್ಥ. ನಮ್ಮ ದೇಶದಲ್ಲಿ ದಿಲ್ಲಿಯ ಅಹುಜಾ ಸಂಸ್ಥೆ 1940ರಲ್ಲಿ ಆರಂಭವಾಯಿತು; ಅದರ ಆಂಪ್ಲಿಫೈಯರು ಹಾರ್ನುಗಳನ್ನು ನೋಡದ ಊರು ವಿರಳ. ಹುಣಸೆಮರಕ್ಕೆ ಹಾರ್ನು ಕಟ್ಟಿದರೆಂದರೆ ಊರಿಗೆ ಮದುವೆಯೋ ಹಬ್ಬವೋ ಬಂತೆಂದೇ ಅರ್ಥ.

ಆದರೂ ಬಹುಕಾಲ ದೇವಾಲಯದ ಒಳಗೆ ಧ್ವನಿವರ್ಧಕದ ಅಗತ್ಯ ಅಷ್ಟಾಗಿ ಕಾಣಲಿಲ್ಲ. ಹಿರಿಯರಿಗೆ ನೆನಪಿರಬಹುದು: ಗುರುಗಳು ಪೀಠದ ಕಡೆ ಮುಖ ಮಾಡಿ ಲತೀನಿನಲ್ಲಿ ತಗ್ಗಿದ ದನಿಯಲ್ಲಿ ಪೂಜೆ ಅರ್ಪಿಸುತ್ತಿದ್ದರು, ಜನರು ತಮ್ಮಷ್ಟಕ್ಕೆ ಜಪಸರ ಹೇಳುತ್ತಿದ್ದರು. ಎರಡನೆಯ ವ್ಯಾಟಿಕನ್ ಮಹಾಸಭೆ 1963ರ ಡಿಸೆಂಬರ್ 4ರಂದು ಪವಿತ್ರ ಆರಾಧನಾ ವಿಧಿಯ ಸಂವಿಧಾನವನ್ನು ಪ್ರಕಟಿಸಿತು. ಅದರ ಮೊದಲ ಸೂಚನೆಗಳು 1965ರ ಮಾರ್ಚ್ 7ರಿಂದ ಜಾರಿಗೆ ಬಂದವು. ಬಲಿಪೀಠ ಜನರತ್ತ ತಿರುಗಿತು, ವಾಚನಗಳು ಜನರ ಭಾಷೆಗೆ ಬಂದವು. ಅಂದಿನಿಂದ ಕೇಳಿಸದಿದ್ದರೆ ಭಾಗವಹಿಸುವುದೇ ಸಾಧ್ಯವಿಲ್ಲ ಎಂಬ ಸ್ಥಿತಿ ಬಂತು. ನಮ್ಮ ದೇವಾಲಯಗಳಲ್ಲಿ ಮೈಕು ಪೂಜಾಸಾಮಗ್ರಿಯಷ್ಟೇ ಅನಿವಾರ್ಯವಾದುದು ಈ ಬದಲಾವಣೆಯಿಂದಲೇ ಎಂದು ನನ್ನ ಅಭಿಪ್ರಾಯ.

ಕಟ್ಟಡಗಳು ಮಾತ್ರ ಹಳೆಯ ಕ್ರಮಕ್ಕೆ ಕಟ್ಟಿದವು. 1933ರಲ್ಲಿ ಅಡಿಗಲ್ಲು ಬಿದ್ದ ಮೈಸೂರಿನ ನಮ್ಮ ಸಂತ ಫಿಲೋಮಿನಾ ಪ್ರಧಾನಾಲಯದ ಕಮಾನುಗಳ ಕೆಳಗೆ ನಿಂತು ಒಮ್ಮೆ ಚಪ್ಪಾಳೆ ತಟ್ಟಿದರೆ ನನ್ನ ಮಾತು ಅರ್ಥವಾದೀತು. ಹಾಡು ಅಲ್ಲಿ ಆಕಾಶಕ್ಕೇರುತ್ತದೆ. ಅವಸರದ ಮಾತು ಮಾತ್ರ ತನ್ನ ಪ್ರತಿಧ್ವನಿಯಲ್ಲೇ ಮುಳುಗುತ್ತದೆ.

ಇಲ್ಲಿ ಮಾತಿನ ಸ್ವಭಾವವನ್ನು ಸ್ವಲ್ಪ ವಿಚಾರಿಸಬೇಕು. ಕಾಲು, ಸಾಲು, ಪಾಲು, ಹಾಲು ಎಂಬ ನಾಲ್ಕು ಪದಗಳನ್ನು ಹೇಳಿ ನೋಡಿ. ‘ಆಲು’ ಎಂಬ ಸ್ವರಭಾಗ ನಾಲ್ಕರಲ್ಲೂ ಒಂದೇ. ಗಟ್ಟಿಯಾಗಿ ಕೇಳುವುದೂ ಅದೇ. ಅರ್ಥವನ್ನು ಬೇರ್ಪಡಿಸುವುದು ಮೊದಲಿನ ವ್ಯಂಜನ. ಅದು ಕ್ಷೀಣವಾದದ್ದು, ಕ್ಷಣಿಕವಾದದ್ದು, ಬಹುಪಾಲು 2000ದಿಂದ 4000 ಹರ್ಟ್ಜ್ ಸುತ್ತಿನ ಕಂಪನಗಳಲ್ಲಿ ಅಡಗಿರುವಂಥದ್ದು. ಹಿಂದಿನ ಅಕ್ಷರದ ಅನುರಣನ ಮುಂದಿನ ವ್ಯಂಜನವನ್ನು ನುಂಗಿದರೆ ಸದ್ದು ಉಳಿಯುತ್ತದೆ, ಮಾತು ಹೋಗುತ್ತದೆ. ಆ ತಾಯಿ ಹೇಳಿದ್ದು ಅಕ್ಷರಶಃ ಸತ್ಯ. ಧ್ವನಿಯನ್ನು ಇನ್ನೂ ಏರಿಸಿದರೆ ಅನುರಣನವೂ ಅಷ್ಟೇ ಏರುತ್ತದೆ, ಪ್ರಯೋಜನವಿಲ್ಲ. ನಮ್ಮ ಭಾಗದಲ್ಲಿ ಇದಕ್ಕೆ ಇನ್ನೊಂದು ಮುಖವೂ ಇದೆ. ಕೊಳ್ಳೇಗಾಲ ತಾಲ್ಲೂಕು 1956ರ ನವೆಂಬರ್ 1ರವರೆಗೆ ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಮಾರ್ಟಳ್ಳಿ, ಸಂದನಪಾಳ್ಯಗಳ ಕಡೆ ಮನೆಮಾತು ಇಂದಿಗೂ ತಮಿಳು. ತಾಯ್ನುಡಿಯಲ್ಲಿ ಅರೆಬರೆ ಕೇಳಿದರೂ ಊಹೆಯಿಂದ ತುಂಬಿಕೊಳ್ಳಬಹುದು. ಎರಡನೆಯ ಭಾಷೆಯಲ್ಲಿ ಕೇಳುವವರಿಗೆ ಆ ಸೌಲಭ್ಯ ಕಡಿಮೆ. ಆದ್ದರಿಂದ ಯಳಂದೂರಿನಲ್ಲಿ ಸಾಲುವ ಮೈಕು ಮಾರ್ಟಳ್ಳಿಯಲ್ಲಿ ಸಾಲದಿರಬಹುದು.

ಪರಿಹಾರದ ಸೂತ್ರ ಸರಳ: ಧ್ವನಿ ಜನರ ಕಿವಿಗೆ ಹೋಗಲಿ, ಗೋಡೆ ಮಾಳಿಗೆಗಳಿಗೆ ಹೋಗದಿರಲಿ. ಒಂದೇ ಅಳತೆಯ ಹಲವು ಚಿಕ್ಕ ಸ್ಪೀಕರುಗಳನ್ನು ಒಂದರ ಮೇಲೊಂದರಂತೆ ನೇರ ಸಾಲಿನಲ್ಲಿ ಜೋಡಿಸಿದರೆ ಅವುಗಳ ಅಲೆಗಳು ಮುಂದಕ್ಕೆ ಒಂದಾಗಿ ಕೂಡುತ್ತವೆ, ಮೇಲೆ ಕೆಳಗೆ ಒಂದನ್ನೊಂದು ಅಳಿಸುತ್ತವೆ. ಹೀಗೆ ಹೊರಟ ಧ್ವನಿ ಎಡಬಲಕ್ಕೆ ಅಗಲವಾಗಿಯೂ ಮೇಲೆ ಕೆಳಗೆ ತೆಳುವಾಗಿಯೂ, ಹಾಸಿದ ಚಾಪೆಯಂತೆ, ಜನರ ತಲೆಗಳ ಮಟ್ಟದಲ್ಲಿ ಸಾಗುತ್ತದೆ. ಇದೇ ಕಂಬದಾಕೃತಿಯ ಕಾಲಂ ಸ್ಪೀಕರ್. ಲಂಡನ್ನಿನ ಸಂತ ಪೌಲರ ಪ್ರಧಾನಾಲಯದಲ್ಲಿ ಮಾತು ಅರ್ಥವಾಗುವುದೇ ದುಸ್ತರವಾಗಿದ್ದಾಗ, 1950ರ ದಶಕದ ಆರಂಭದಲ್ಲಿ ಪಾರ್ಕಿನ್ ಮತ್ತು ಟೇಲರ್ ಎಂಬ ತಜ್ಞರು ಇಂಥ ಎತ್ತರದ ಕಾಲಂಗಳನ್ನು ನಿಲ್ಲಿಸಿದರು. ದೂರದ ಕಾಲಂಗಳಿಗೆ ಧ್ವನಿಯನ್ನು ತಿರುಗುವ ಕಾಂತತಟ್ಟೆಯೊಂದರ ಮೂಲಕ ಕೊಂಚ ತಡಮಾಡಿ ಕಳುಹಿಸಿದರು. ಧ್ವನಿ ಒಂದು ಸೆಕೆಂಡಿಗೆ ಸುಮಾರು 343 ಮೀಟರ್ ಮಾತ್ರ ಓಡುತ್ತದೆ, ತಂತಿಯಲ್ಲಿನ ವಿದ್ಯುತ್ತಾದರೋ ಕ್ಷಣಾರ್ಧದಲ್ಲಿ ಮುಟ್ಟುತ್ತದೆ. ತಡಮಾಡದಿದ್ದರೆ ಹಿಂದಿನ ಬೆಂಚಿನವನಿಗೆ ಪಕ್ಕದ ಕಂಬ ಮೊದಲು ಮಾತನಾಡಿ, ಪೀಠದ ಗುರುಗಳು ಆಮೇಲೆ ಮಾತನಾಡಿದಂತಾಗುತ್ತದೆ.

ಹಾಗಾದರೆ ಲೈನ್ ಅರೇ ಹೊಸದಾಗಿ ಮಾಡಿದ್ದೇನು? ಸಾಲಿನ ಸ್ಪೀಕರುಗಳ ನಡುವಿನ ಅಂತರ ಅಲೆಯ ಉದ್ದಕ್ಕಿಂತ ಸಾಕಷ್ಟು ಚಿಕ್ಕದಾಗಿರಬೇಕು. ತೀರ ಎತ್ತರದ ಸ್ಥಾಯಿಯಲ್ಲಿ, 10,000 ಹರ್ಟ್ಜ್‌ನಲ್ಲಿ, ಅಲೆಯ ಉದ್ದ ಮೂರೂವರೆ ಸೆಂಟಿಮೀಟರ್ ಕೂಡ ಇಲ್ಲ. ಅಷ್ಟು ಹತ್ತಿರ ದೊಡ್ಡ ಸ್ಪೀಕರುಗಳನ್ನು ಕೂರಿಸುವುದು ಅಸಾಧ್ಯ. ಫ್ರಾನ್ಸಿನ ಭೌತವಿಜ್ಞಾನಿ ಕ್ರಿಶ್ಚಿಯನ್ ಹೈಲ್, ಮಾರ್ಸೆಲ್ ಅರ್ಬನ್ ಅವರೊಡನೆ 1992ರಲ್ಲಿ ಈ ತೊಡಕಿನ ಗಣಿತವನ್ನು ವಿದ್ವಾಂಸರ ಮುಂದಿಟ್ಟರು. ಪೆಟ್ಟಿಗೆಯೊಳಗೆ ಒಂದು ವಿಶೇಷ ಮಾರ್ಗವನ್ನು ರಚಿಸಿ, ಎತ್ತರದ ಸ್ಥಾಯಿಯ ಧ್ವನಿ ಸೀಳಿನಂಥ ಬಾಯಿಯಿಂದ ಒಂದೇ ನೇರದಲ್ಲಿ ಹೊರಬರುವಂತೆ ಹೈಲ್ ಮಾಡಿದರು. ಅವರ ಎಲ್-ಅಕೌಸ್ಟಿಕ್ಸ್ ಸಂಸ್ಥೆಯ ‘ವಿ-ಡಾಸ್ಕ್’ ಹುಟ್ಟಿದ್ದು ಹೀಗೆ. ಇಂದು ದೊಡ್ಡ ಸಭೆಗಳಲ್ಲಿ ಎರಡು ಕಡೆ ತೂಗುಬಿಟ್ಟ ಬಾಳೆಯ ಹಣ್ಣಿನಂತೆ ತುದಿಯಲ್ಲಿ ಒಳಬಾಗಿ ಕಾಣುವ ಕರಿಯ ಸರಪಳಿಗಳೆಲ್ಲ ಅದರ ವಂಶದವೇ. ಮೇಲಿನ ಪೆಟ್ಟಿಗೆಗಳು ದೂರದವರಿಗೆ, ಬಾಗಿದ ಕೆಳಗಿನವು ಹತ್ತಿರದವರಿಗೆ.

ಇದರ ಲಾಭವನ್ನು ಅಂಕಿಗಳಲ್ಲಿ ನೋಡುವುದು ಒಳ್ಳೆಯದು. ಸಾಧಾರಣ ಹಾರ್ನಿನ ಧ್ವನಿ ದೂರ ಇಮ್ಮಡಿಯಾದಂತೆಲ್ಲ 6 ಡೆಸಿಬೆಲ್ ಇಳಿಯುತ್ತದೆ. 5 ಮೀಟರಿನಲ್ಲಿ 90 ಇದ್ದದ್ದು 40 ಮೀಟರಿನಲ್ಲಿ 72ಕ್ಕೆ ಬರುತ್ತದೆ. ಮುಂದಿನವನಿಗೆ ಕಿವಿನೋವು, ಹಿಂದಿನವನಿಗೆ ಪಿಸುಮಾತು. ಸಾಲಿನ ಧ್ವನಿ ಅದರ ಸಮೀಪ ಕ್ಷೇತ್ರದಲ್ಲಿ ಪ್ರತಿ ಇಮ್ಮಡಿಗೆ 3 ಡೆಸಿಬೆಲ್ ಮಾತ್ರ ಇಳಿಯುವುದರಿಂದ ಅದೇ 40 ಮೀಟರಿನಲ್ಲಿ 81 ಉಳಿಯುತ್ತದೆ. ವ್ಯಾಪಾರಿಗಳು ಹೇಳುವುದು ಇಷ್ಟನ್ನೇ. ‘ಸಮೀಪ ಕ್ಷೇತ್ರದಲ್ಲಿ’ ಎಂಬ ಷರತ್ತನ್ನು ಅವರು ಹೇಳುವುದಿಲ್ಲ, ನಮ್ಮವರು ಕೇಳುವುದೂ ಇಲ್ಲ. ಆ ಕ್ಷೇತ್ರ ಎಷ್ಟು ದೂರ ಹಬ್ಬುತ್ತದೆಂಬುದು ಸಾಲಿನ ಎತ್ತರವನ್ನು ಅವಲಂಬಿಸಿದೆ. ಎತ್ತರ ಇಮ್ಮಡಿಯಾದರೆ ಈ ದೂರ ನಾಲ್ಮಡಿಯಾಗುತ್ತದೆ. 2000 ಹರ್ಟ್ಜ್‌ನಲ್ಲಿ 4 ಮೀಟರ್ ಎತ್ತರದ ಸಾಲಿಗೆ ಅದು ಸುಮಾರು 46 ಮೀಟರ್. 2 ಮೀಟರಿನ ಸಾಲಿಗೆ ಹನ್ನೆರಡಕ್ಕೆ ಸ್ವಲ್ಪ ಕಡಿಮೆ. 1 ಮೀಟರಿನ ಸಾಲಿಗೆ ಬರೀ 3 ಮೀಟರ್! ಅದರಾಚೆಗೆ ಅದೂ ಹಾರ್ನಿನಂತೆಯೇ 6ರ ಲೆಕ್ಕದಲ್ಲಿ ಕುಗ್ಗುತ್ತದೆ. ತಗ್ಗಿನ ಸ್ಥಾಯಿಯಲ್ಲಂತೂ ಅಲೆಯೇ ಮೂರು ಮೀಟರಿಗಿಂತ ಉದ್ದವಿರುವಾಗ ಒಂದು ಮೀಟರಿನ ಸಾಲು ಅದನ್ನು ಹಿಡಿದಿಡಲಾರದು. ಗುಂಯ್‌ಗುಡುವ ಭಾಗ ಎಲ್ಲ ದಿಕ್ಕಿಗೂ ಹರಿಯುತ್ತದೆ. ಹನೂರು ಭಾಗದ ಆ ಹಬ್ಬದಲ್ಲಿ ನಡೆದದ್ದು ಇದೇ. ನಾಲ್ಕು ಪೆಟ್ಟಿಗೆಗಳ ಗಿಡ್ಡ ಸಾಲು, ಅದೂ ನೆಲದ ಮಟ್ಟಕ್ಕೆ ಹತ್ತಿರ. ಮುಂದೆ ಕುಳಿತವರ ಮೈಗಳೇ ವ್ಯಂಜನಗಳನ್ನು ಹೀರಿಕೊಂಡವು, ಗುಂಯ್‌ಕಾರ ಮಾತ್ರ ಕೊನೆಯವರೆಗೆ ಹೋಯಿತು. ಯುವಕರ ಉತ್ಸಾಹವನ್ನು ನಾನು ಹಳಿಯುವುದಿಲ್ಲ. ನನಗೂ ಅಂದು ತಿಳಿದಿರಲಿಲ್ಲ.

ಇನ್ನೂರು ಮುನ್ನೂರು ಜನ ಹಿಡಿಯುವ ನಮ್ಮಂಥ ದೇವಾಲಯಗಳಿಗೆ ತೂಗುಬಿಡುವ ದೊಡ್ಡ ಸಾಲು ಬೇಕಿಲ್ಲ, ಅದರ ಭಾರ ಹೊರಲು ನಮ್ಮ ತೊಲೆಗಳಿಗೂ ತ್ರಾಣವಿಲ್ಲ. ಚಿಕ್ಕ ಚಿಕ್ಕ ಕೋನುಗಳನ್ನು ಒತ್ತಾಗಿ ಜೋಡಿಸಿದ ತೆಳು ಕಾಲಂಗಳು ಈಗ ಸುಧಾರಿತ ರೂಪದಲ್ಲಿ ಮರಳಿ ಬಂದಿವೆ. ಬೋಸ್ ಸಂಸ್ಥೆ 2003ರಲ್ಲಿ ಹೊತ್ತೊಯ್ಯಬಲ್ಲ ಇಂಥ ಒಂದು ಮಾದರಿಯನ್ನು ತಂದಿತು. ಗಣಕದ ನೆರವಿನಿಂದ, ಕಾಲಂ ನೆಟ್ಟಗೆ ಗೋಡೆಗಂಟಿಕೊಂಡೇ ಇದ್ದು ಅದರ ಧ್ವನಿಯನ್ನು ಮಾತ್ರ ಜನರತ್ತ ಬಾಗಿಸುವ ಮಾದರಿಗಳೂ ಇವೆ. ಬೆಲೆ ಹೆಚ್ಚು ಎಂಬುದನ್ನು ಹಣಕಾಸು ಸಮಿತಿಯವರು ನನಗೆ ಈಗಾಗಲೇ ಜ್ಞಾಪಿಸಿದ್ದಾರೆ.

ಕಟ್ಟಡದ ಬಗ್ಗೆ ಒಂದು ಮಾತು. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಆರಂಭಿಸಿದ ಹೆಂಚಿನ ಉದ್ಯಮದ ಕೃಪೆಯಿಂದ ನಮ್ಮ ಹಳೆಯ ದೇವಾಲಯಗಳೆಷ್ಟೋ ಹೆಂಚಿನ ಮಾಡಿನವು. ಸಂದುಗಳಿರುವ ಆ ಮಾಡು ಧ್ವನಿಯನ್ನು ಹೊರಕ್ಕೆ ಬಿಟ್ಟುಬಿಡುತ್ತಿತ್ತು. ಈಗ ಕಾಂಕ್ರೀಟ್ ತಾರಸಿ, ನುಣುಪು ಗ್ರಾನೈಟ್, ಗಾಜಿನ ಕಿಟಕಿ. ಧ್ವನಿಗೆ ಎಲ್ಲಿಯೂ ಬಿಡುಗಡೆಯಿಲ್ಲ. ಹಾರ್ವರ್ಡಿನ ವಾಲೇಸ್ ಸಬೀನ್ 1895ರಿಂದ ಮೆತ್ತೆಗಳನ್ನು ಹೊತ್ತು ಹಾಕಿ ಅಳೆದು ಕಂಡುಕೊಂಡಂತೆ, ಮೆತ್ತನೆಯ ವಸ್ತುಗಳೂ ಮನುಷ್ಯರ ಮೈಗಳೂ ಅನುರಣನವನ್ನು ಹೀರುತ್ತವೆ. ವಾರದ ದಿನ ಹತ್ತು ಜನರ ಪೂಜೆಯಲ್ಲಿ ಗುಂಯ್‌ಗುಡುವ ನಮ್ಮ ದೇವಾಲಯ ಭಾನುವಾರ ತುಂಬಿದಾಗ ಸೌಮ್ಯವಾಗುವುದು ಅದಕ್ಕೇ. ಆದ್ದರಿಂದ ಖಾಲಿ ದೇವಾಲಯದಲ್ಲಿ “ಹಲೋ ಮೈಕ್ ಟೆಸ್ಟಿಂಗ್” ಎಂದು ಕೂಗಿ ಮಾಡಿದ ತೀರ್ಮಾನ ಹಬ್ಬದ ದಿನ ಸುಳ್ಳಾಗುತ್ತದೆ.

ನೆರೆಹೊರೆಯ ವಿಚಾರವನ್ನೂ ಬಿಡುವಂತಿಲ್ಲ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕು. ರಾತ್ರಿ 10ರಿಂದ ಬೆಳಗಿನ 6ರವರೆಗೆ ಬಯಲಿನಲ್ಲಿ ನಿಷೇಧವಿದೆ, ಹಬ್ಬಗಳಿಗೆ ವರ್ಷದಲ್ಲಿ ಕೆಲವೇ ದಿನ ಮಧ್ಯರಾತ್ರಿಯವರೆಗೆ ಸರಕಾರ ವಿನಾಯಿತಿ ಕೊಡಬಹುದು. ಅದೇ ವರ್ಷದ ಆಗಸ್ಟ್ 30ರಂದು ಸರ್ವೋಚ್ಚ ನ್ಯಾಯಾಲಯ, ಇತರರ ಶಾಂತಿಯನ್ನು ಕೆಡಿಸಿ ಪ್ರಾರ್ಥಿಸಬೇಕೆಂದು ಯಾವ ಧರ್ಮವೂ ವಿಧಿಸುವುದಿಲ್ಲವೆಂದು ತೀರ್ಪಿತ್ತಿತು. ಆ ಮೊಕದ್ದಮೆಯಲ್ಲಿ ಒಂದು ಪಕ್ಷ ಚೆನ್ನೈಯ ಒಂದು ಕ್ರೈಸ್ತ ಪ್ರಾರ್ಥನಾಲಯವೇ ಆಗಿತ್ತೆಂಬುದನ್ನು ನಾವು ಮರೆಯಲಾಗದು. ಗೋಪುರದ ತುದಿಗೆ ಕಟ್ಟಿದ ಹಾರ್ನು ಹೊಲಗಳಾಚೆಯ ರೋಗಿಯ ನಿದ್ದೆ ಕೆಡಿಸುತ್ತದೆ, ಕೆಳಗೇ ನಿಂತ ಭಕ್ತನಿಗೆ ಅದು ಅಷ್ಟಾಗಿ ಕೇಳಿಸುವುದೂ ಇಲ್ಲ.

ಪ್ರಕೃತ ನಮ್ಮ ದೇವಾಲಯದ ವ್ಯವಸ್ಥೆ ಹೀಗಿದೆ. ಪೀಠದ ಇಕ್ಕೆಲದ ಕಂಬಗಳಲ್ಲಿ ಎರಡು ಕಾಲಂಗಳು, ಕುಳಿತವರ ಕಿವಿಯ ಮಟ್ಟಕ್ಕಿಂತ ತುಸು ಮೇಲೆ, ಸ್ವಲ್ಪ ಮುಂದಕ್ಕೆ ಬಾಗಿ. ಅಲ್ಲಿಂದ 17 ಮೀಟರ್ ಹಿಂದೆ ಇನ್ನೆರಡು; ಇವಕ್ಕೆ ಧ್ವನಿ ಸೆಕೆಂಡಿನ ಇಪ್ಪತ್ತನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು ತಡವಾಗಿ ತಲುಪುವಂತೆ ಹೊಂದಿಸಿದೆ. ಮೊದಲ ವಾಚನ ನಡೆಯುವಾಗ ನಮ್ಮ ಯುವಕರಲ್ಲೊಬ್ಬರು ಕೊನೆಯ ಬೆಂಚಿನಲ್ಲಿ ಕುಳಿತು ಕೈಸನ್ನೆಯಿಂದ ತಿಳಿಸುತ್ತಾರೆ. ಹಳೆಯ ಹಾರ್ನು ಸಕ್ರಿಸ್ತಿಯ ಅಟ್ಟದ ಮೇಲಿದೆ. ಪರಮಪ್ರಸಾದದ ಮೆರವಣಿಗೆಯ ದಿನ ಅದನ್ನು ಇಳಿಸಿ ಧೂಳು ಒರೆಸಿ ಗಾಡಿಗೆ ಕಟ್ಟುತ್ತೇವೆ.