ಒಂದು ರಾತ್ತಲಿನ ವ್ಯಾಜ್ಯ

ದಿನಕ್ಕೆ ಒಂದು ರಾತ್ತಲು ಧಾನ್ಯವನ್ನುಂಡು ಗಂಡಾಳೊಬ್ಬನು ಹೊತ್ತು ಮುಳುಗುವವರೆಗೆ ಮಣ್ಣು ಅಗೆದು ಹೊರಬಲ್ಲನೆ? 1877ರಲ್ಲಿ ಇಬ್ಬರು ಬ್ರಿಟಿಷ್ ಅಧಿಕಾರಿಗಳು ಈ ಪ್ರಶ್ನೆಯನ್ನು ಹಿಡಿದು ಕಾಗದದ ಮೇಲೆ ಕಾದಾಡಿದರು. ಒಬ್ಬನು ಬಲ್ಲನೆಂದ, ಇನ್ನೊಬ್ಬನು ಸಾಧ್ಯವಿಲ್ಲವೆಂದ. ಇವರ ಟಿಪ್ಪಣಿಗಳು ಮೇಜಿನಿಂದ ಮೇಜಿಗೆ ಓಡಾಡುತ್ತಿದ್ದ ಕಾಲದಲ್ಲಿ ಉತ್ತರ ಬೇರೆ ಕಡೆಯಿಂದ, ಕೆರೆಯಂಗಳದಿಂದ ಮತ್ತು ರಸ್ತೆಯ ಬದಿಯಿಂದ ಬರುತ್ತಿತ್ತು.

ಧಾತು ಮತ್ತು ಈಶ್ವರ ಸಂವತ್ಸರಗಳ ಆ ಕ್ಷಾಮದ ಹೆಸರು ನಮ್ಮ ಮಧುಗಿರಿ ಸೀಮೆಯಲ್ಲಿ ಬಹುಕಾಲ ಅಳಿಯಲಿಲ್ಲ. ತಟ್ಟೆಯಲ್ಲಿ ಮುದ್ದೆಯ ಚೂರು ಬಿಟ್ಟೆದ್ದ ಮಕ್ಕಳಿಗೆ ನಮ್ಮಜ್ಜಿ “ಧಾತುಬರ ಬಂದಿದ್ರೆ ಗೊತ್ತಾಗ್ತಿತ್ತು” ಎನ್ನುತ್ತಿದ್ದಳು. ಆಕೆ ಆ ಬರವನ್ನು ಕಂಡವಳಲ್ಲ. ಆಕೆಯ ಅಜ್ಜಿ ಕಂಡವಳು. 1871ರ ಜನಗಣತಿಯಲ್ಲಿ ಐವತ್ತು ಲಕ್ಷಕ್ಕೆ ಮಿಕ್ಕಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರ ಹೊತ್ತಿಗೆ ನಲವತ್ತೆರಡು ಲಕ್ಷಕ್ಕೂ ಕೆಳಗಿಳಿಯಿತೆಂದರೆ ಬೇರೆ ವ್ಯಾಖ್ಯಾನ ಬೇಡ.

ಪಾವಗಡ ತಾಲ್ಲೂಕನ್ನು ನಕ್ಷೆಯಲ್ಲಿ ನೋಡಿದವರಿಗೆ ಅದರ ವಿಚಿತ್ರ ಇರವು ಗೊತ್ತು. ಮೈಸೂರಿನ ನೆಲ ಆಂಧ್ರದೊಳಕ್ಕೆ ಚಾಚಿದ ಮುಷ್ಟಿಯಂತೆ, ಬಹುಪಾಲು ಸುತ್ತಲೂ ತೆಲುಗು ಸೀಮೆ. ತಿರುಮಣಿಯಂಥ ಊರಿನಲ್ಲಿ ನಿಂತರೆ ಯಾವ ಹೊಲ ಯಾವ ರಾಜ್ಯದ್ದೆಂದು ಹೇಳುವುದು ಅಷ್ಟು ಸುಲಭವಲ್ಲ. ಇತ್ತ ‘ಮುದ್ದೆ’ ಎಂದದ್ದೇ ಅತ್ತ ‘ಸಂಗಟಿ’. ಆ ಕಾಲಕ್ಕೆ ಅನಂತಪುರ ಜಿಲ್ಲೆ ಎಂಬುದಿರಲಿಲ್ಲ. ಅದು 1882ರಲ್ಲಿ ಬಳ್ಳಾರಿಯಿಂದ ಒಡೆದು ಬಂದದ್ದು. ಹೀಗಾಗಿ ಬರದ ಆ ದಿನಗಳಲ್ಲಿ ಗಡಿಯ ಈಚೆಗೆ ಕಮಿಷನರ ಕೈಯಲ್ಲಿದ್ದ ಮೈಸೂರು, ಆಚೆಗೆ ಮದರಾಸು ಆಧಿಪತ್ಯದ ಬಳ್ಳಾರಿ ಜಿಲ್ಲೆ. ಮಳೆ ಮಾತ್ರ ಎರಡೂ ಕಡೆ ಕೈಕೊಟ್ಟಿತ್ತು. ನಾನು ಹೇಳಹೊರಟ ವ್ಯಾಜ್ಯ ಮದರಾಸು ಸೀಮೆಯದು. ಆದರೆ ಅದು ನಡೆದದ್ದು ನಮ್ಮ ಹಿತ್ತಿಲ ಬೇಲಿಯಾಚೆಯೇ, ಬಳ್ಳಾರಿಯ ಕನ್ನಡಿಗರ ಹೊಟ್ಟೆಯ ಮೇಲೆಯೇ.

ಮೊದಲನೆಯ ವಾದಿ ಸರ್ ರಿಚರ್ಡ್ ಟೆಂಪಲ್. ಈತನ ಕಥೆ ಸ್ವಾರಸ್ಯವಾದದ್ದು. 1874ರಲ್ಲಿ ಬಿಹಾರ, ಬಂಗಾಳಗಳಲ್ಲಿ ಬರ ಬಂದಾಗ ಇದೇ ಟೆಂಪಲ್ ಬರ್ಮಾದಿಂದ ಅಕ್ಕಿ ತರಿಸಿ ಧಾರಾಳವಾಗಿ ಹಂಚಿದ್ದ. ಹಸಿವಿನಿಂದ ಸತ್ತವರು ಇಲ್ಲವೆನ್ನುವಷ್ಟು ಕಡಿಮೆ. ಅದಕ್ಕೆ ಸಿಕ್ಕ ಬಹುಮಾನ, ದುಂದುಗಾರನೆಂಬ ಬಿರುದು! ಮೂರು ವರ್ಷಗಳ ಮೇಲೆ ವೈಸರಾಯ್ ಲಾರ್ಡ್ ಲಿಟನ್ ಆತನನ್ನು ದಕ್ಷಿಣಕ್ಕೆ ಕಳುಹಿಸಿದಾಗ ಆತ ಬೇರೆಯೇ ಮನುಷ್ಯನಾಗಿದ್ದ. ಪರಿಹಾರ ಕಾಮಗಾರಿಯ ಗಂಡಾಳಿಗೆ ದಿನಕ್ಕೆ ಒಂದು ರಾತ್ತಲು ಧಾನ್ಯ, ಮೇಲೆ ಒಂದಾಣೆ. ಹೆಂಗಸಿಗೂ ಮಕ್ಕಳಿಗೂ ಅದಕ್ಕಿಂತ ಕಡಿಮೆ. ಇದಕ್ಕೆ ‘ಟೆಂಪಲ್ ಕೂಲಿ’ ಎಂದೇ ಹೆಸರಾಯಿತು. ಬೇಳೆ, ಉಪ್ಪು, ಮೆಣಸಿನಕಾಯಿಗಳನ್ನೆಲ್ಲ ಆ ಒಂದಾಣೆಯಲ್ಲಿ ತೂಗಿಸಬೇಕು, ಅದೂ ಬರಗಾಲದ ಬೆಲೆಯಲ್ಲಿ.

ಎದುರು ನಿಂತವನು ಡಾಕ್ಟರ್ ಡಬ್ಲ್ಯು. ಆರ್. ಕಾರ್ನಿಷ್, ಮದರಾಸಿನ ಆರೋಗ್ಯ ಇಲಾಖೆಯ ಮುಖ್ಯಾಧಿಕಾರಿ. ದಕ್ಷಿಣದ ಜನ ಏನನ್ನು ಉಣ್ಣುತ್ತಾರೆ, ಸೆರೆಮನೆಯ ಕೈದಿಗಳಿಗೆ ಏನನ್ನು ಕೊಡಬೇಕು ಎಂಬುದನ್ನು ಆತ 1860ರ ದಶಕದಲ್ಲೇ ಕೂಲಂಕಷವಾಗಿ ನೋಡಿ ಬರೆದಿದ್ದ. (ಧಾನ್ಯದ ಯೋಗ್ಯತೆಯನ್ನು ಸೆರೆಮನೆಯಲ್ಲಿ ಪರೀಕ್ಷಿಸುವುದು ನಮಗೇನೂ ಹೊಸತಲ್ಲ. ಕನಕದಾಸರ ‘ರಾಮಧಾನ್ಯ ಚರಿತ್ರೆ’ಯಲ್ಲಿ ಶ್ರೀರಾಮನು ಭತ್ತವನ್ನೂ ರಾಗಿಯನ್ನೂ ಆರು ತಿಂಗಳು ಸೆರೆಯಲ್ಲಿಡಿಸುತ್ತಾನೆ, ಕೆಡದೆ ಉಳಿದ ರಾಗಿ ಗೆಲ್ಲುತ್ತದೆ.) ಕಾರ್ನಿಷನ ಆಕ್ಷೇಪಣೆ ಎರಡು ಬಗೆಯದು. ಒಂದು, ರಾತ್ತಲು ಸಾಲದು, ಕನಿಷ್ಠ ಒಂದೂವರೆ ರಾತ್ತಲಾದರೂ ಬೇಕು. ಎರಡು, ಬರಿಯ ಧಾನ್ಯ ಸಾಲದು, ಜೊತೆಗೆ ಬೇಳೆಕಾಳೂ ತರಕಾರಿಯೂ ಬೇಕು. ಎಷ್ಟು ಎಂಬುದೊಂದು ಪ್ರಶ್ನೆ. ಏನು ಎಂಬುದು ಮತ್ತೊಂದು. ಇವೆರಡನ್ನೂ ಬೇರೆಬೇರೆಯಾಗಿ ಕಂಡು, ಎರಡನ್ನೂ ಬಿಡದೆ ಹಿಡಿದದ್ದು ಆತನ ಹೆಚ್ಚುಗಾರಿಕೆ ಎಂದು ನನ್ನೆಣಿಕೆ.

ಕನ್ನಡ ಮೇಷ್ಟರಿಗೆ ಲೆಕ್ಕದ ಉಸಾಬರಿ ಏಕೆಂದು ಓದುಗರು ನಗಬಹುದು. ನಕ್ಕರೂ ಚಿಂತೆಯಿಲ್ಲ, ಲೆಕ್ಕ ಹಾಕಿಯೇ ಬಿಡೋಣ. ಒಂದು ರಾತ್ತಲೆಂದರೆ 454 ಗ್ರಾಂ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ 2017ರ ಕೋಷ್ಟಕದಂತೆ ಅಷ್ಟು ಅಕ್ಕಿಯಲ್ಲಿ ಸುಮಾರು 1,600 ಕ್ಯಾಲೊರಿ, 36 ಗ್ರಾಂ ಪ್ರೋಟೀನು. ಅದೇ ಸಂಸ್ಥೆ 2020ರಲ್ಲಿ ಮೈಮುರಿದು ದುಡಿಯುವ 65 ಕಿಲೋ ತೂಕದ ಗಂಡಸಿಗೆ ಹೇಳಿದ್ದು ದಿನಕ್ಕೆ 3,470 ಕ್ಯಾಲೊರಿ, 54 ಗ್ರಾಂ ಪ್ರೋಟೀನು. ಅಂದಿನ ಕೂಲಿಯಾಳು ಅಷ್ಟು ಭಾರವಿರಲಾರನೆಂದು ಕಾಲುಪಾಲು ಕಡಿದರೂ 2,600 ಕ್ಯಾಲೊರಿ ಬೇಕೇ ಬೇಕು. ಒಂದಾಣೆ ಎಷ್ಟೇ ತುಂಬಿಕೊಟ್ಟರೂ ಸಾವಿರ ಕ್ಯಾಲೊರಿಯ ಹಳ್ಳ ಮುಚ್ಚುವಂಥದ್ದಲ್ಲ.

ಲಿಟನ್ ಟೆಂಪಲನ ಪಕ್ಷ. ಆದರೂ 1877ರಲ್ಲೇ ಮುಂದೆ ಮದರಾಸು ಸರ್ಕಾರ ಅರ್ಧ ದಾರಿಗೆ ಬಂದು, ಧಾನ್ಯವನ್ನು ಒಂದೂಕಾಲು ರಾತ್ತಲಿಗೆ ಏರಿಸಿ, ಒಂದೂವರೆ ಔನ್ಸು ಬೇಳೆ ಸೇರಿಸಿತು. ಲೆಕ್ಕ ಹಾಕಿದರೆ ಪ್ರೋಟೀನು 54 ಗ್ರಾಮಿಗೇ ಬಂದು ನಿಲ್ಲುತ್ತದೆ, ಇಂದಿನ ಪಟ್ಟಿಯ ಅಂಕೆಯೇ! ಕ್ಯಾಲೊರಿ ಮಾತ್ರ 2,150ರ ಆಸುಪಾಸು. ತಟ್ಟೆಯಲ್ಲಿ ‘ಏನು’ ಎಂಬುದು ಒಂದಿಷ್ಟು ಸರಿಹೋಯಿತು, ‘ಎಷ್ಟು’ ಎಂಬುದು ಹೋಗಲಿಲ್ಲ. ಒಲೆಗೆ ಸೌದೆ ಸಾಲದಿದ್ದರೆ ಮನೆಯವರು ಬಾಗಿಲನ್ನೇ ಒಡೆದು ಉರಿಸುವಂತೆ, ಕ್ಯಾಲೊರಿ ಸಾಲದ ಮೈ ಬೇಳೆಯ ಪ್ರೋಟೀನನ್ನೂ, ಆಮೇಲೆ ತನ್ನ ಮಾಂಸಖಂಡವನ್ನೂ ಉರುವಲು ಮಾಡಿಕೊಳ್ಳುತ್ತದೆ. ಅಷ್ಟು ಹೊತ್ತಿಗೆ ಎಷ್ಟೋ ಜನರಿಗೆ ಬೇಳೆಯ ಹಂಗೂ ತೀರಿತ್ತು. ಈ ವಾಗ್ವಾದವನ್ನೆಲ್ಲ ಪತ್ರಿಕಾ ಸಂಪಾದಕ ವಿಲಿಯಂ ಡಿಗ್ಬಿ 1878ರಲ್ಲಿ ಎರಡು ಸಂಪುಟಗಳಲ್ಲಿ ಅಚ್ಚು ಹಾಕಿಸದಿದ್ದರೆ ನಮಗೆ ತಿಳಿಯುವುದು ಕಷ್ಟವಿತ್ತು.

ಕಾರ್ನಿಷನ ಎರಡು ಪ್ರಶ್ನೆಗಳನ್ನು ತಕ್ಕಡಿಯ ಮೇಲಿಟ್ಟು ನೋಡಿದ್ದು ಸುಮಾರು ಎಪ್ಪತ್ತು ವರ್ಷಗಳಾದ ಮೇಲೆ, ಸಾವಿರಾರು ಮೈಲಿ ದೂರದ ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ. ಎರಡನೆಯ ಮಹಾಯುದ್ಧದಲ್ಲಿ ಬಂದೂಕು ಹಿಡಿಯಲೊಲ್ಲದ 36 ಮಂದಿ ತರುಣರು ತಾವಾಗಿ ಮುಂದೆ ಬಂದು ಆನ್ಸೆಲ್ ಕೀಸ್ ಎಂಬ ವಿಜ್ಞಾನಿಯ ಕೈಯಲ್ಲಿ 24 ವಾರ ಅರೆಹೊಟ್ಟೆಯಲ್ಲಿದ್ದರು. ಬ್ರೆಡ್ಡು, ಆಲೂಗೆಡ್ಡೆ, ಟರ್ನಿಪ್ ಗೆಡ್ಡೆ. ದಿನಕ್ಕೆ ಸರಾಸರಿ 1,570 ಕ್ಯಾಲೊರಿ. ಟೆಂಪಲನ ರಾತ್ತಲಿಗೂ ಇದಕ್ಕೂ ಮೂವತ್ತೇ ಕ್ಯಾಲೊರಿಯ ಅಂತರ! ಅವರ ಮೈತೂಕದ ಕಾಲುಪಾಲು ಇಳಿದುಹೋಯಿತು. ಕಾಲಿನಲ್ಲಿ ನೀರು ತುಂಬಿ ಊದಿಕೊಂಡಿತು. ಈ ಊತ ತಕ್ಕಡಿಗೆ ಮೋಸ ಮಾಡುತ್ತದೆ. ಮಾಂಸ ಕರಗಿದ್ದನ್ನು ನೀರು ಮುಚ್ಚಿಡುತ್ತದೆ. ಆ ತರುಣರಲ್ಲಿ ಕೆಲವರು ಹೊತ್ತು ಕಳೆಯಲು ಅಡುಗೆಯ ಪುಸ್ತಕಗಳನ್ನೇ ಪಾರಾಯಣ ಮಾಡುತ್ತಿದ್ದರಂತೆ. ಸಾಹಿತ್ಯಕ್ಕೆ ಇಂಥ ಓದುಗರು ಸಿಕ್ಕುವುದು ಅಪರೂಪ.

ಆಮೇಲಿನ ಹನ್ನೆರಡು ವಾರ ಅವರನ್ನು ಮತ್ತೆ ತುಂಬಿಸುವ ಕೆಲಸ. ಕೆಲವರಿಗೆ ಕ್ಯಾಲೊರಿ ಹೆಚ್ಚಿಸಿದರು, ಕೆಲವರಿಗೆ ಪ್ರೋಟೀನು, ಕೆಲವರಿಗೆ ಜೀವಸತ್ವ. ಮೈ ತುಂಬಿಸಿದ್ದು ಕ್ಯಾಲೊರಿ. ಅದು ಸಾಲದೆ ಇದ್ದಾಗ ಉಳಿದೆರಡರಿಂದ ಹೇಳುವಂಥ ಪ್ರಯೋಜನವಾಗಲಿಲ್ಲ. 1950ರಲ್ಲಿ ಕೀಸ್ ಇದನ್ನೆಲ್ಲ ಎರಡು ಬೃಹತ್ ಸಂಪುಟಗಳಲ್ಲಿ ಪ್ರಕಟಿಸಿದ.

ಈಗ ಕಾಲ ಮಗುಚಿದೆ. ನಮ್ಮ ಕಾಲೇಜಿನ ಅಧ್ಯಾಪಕರ ಕೊಠಡಿಯಲ್ಲಿ ಬಿಡುವಿದ್ದಾಗಲೆಲ್ಲ ನಡೆಯುವ ಚರ್ಚೆ ತೂಕ ಇಳಿಸುವುದರ ಬಗೆಗೆ. ಒಬ್ಬರು ಅನ್ನ ಬಿಟ್ಟಿದ್ದಾರೆ, ಇನ್ನೊಬ್ಬರು ಎಣ್ಣೆ ಬಿಟ್ಟಿದ್ದಾರೆ, ಮತ್ತೊಬ್ಬರು ಮೊಟ್ಟೆಯ ಬಿಳಿಯನ್ನೇ ನಂಬಿದ್ದಾರೆ. ಒಬ್ಬೊಬ್ಬರದೂ ಒಂದೊಂದು ಮತ, ಒಬ್ಬೊಬ್ಬ ಆಚಾರ್ಯ. ಬರದವರು ಬಯಸದೆ ಪಟ್ಟ ಪಾಡಿನೊಡನೆ ಇದನ್ನು ಹೋಲಿಸುವುದು ಒರಟುತನವೆಂದು ಬಲ್ಲೆ. ಆದರೆ ಮೈಯ ಲೆಕ್ಕ ಎರಡು ಕಡೆಯೂ ಒಂದೇ. 2009ರಲ್ಲಿ ಫ್ರಾಂಕ್ ಸ್ಯಾಕ್ಸ್ ಮತ್ತು ಸಂಗಡಿಗರು ಅಮೆರಿಕದಲ್ಲಿ 811 ಮಂದಿ ಸ್ಥೂಲಕಾಯರನ್ನು ಎರಡು ವರ್ಷ ನೋಡಿ ವರದಿ ಮಾಡಿದರು. ನಾಲ್ಕು ಬಗೆಯ ಆಹಾರ: ಕೊಬ್ಬು ಹೆಚ್ಚು ಅಥವಾ ಕಡಿಮೆ, ಪ್ರೋಟೀನು ಹೆಚ್ಚು ಅಥವಾ ಕಡಿಮೆ, ಉಳಿದದ್ದು ಪಿಷ್ಟ. ಎಲ್ಲರಿಗೂ ಕ್ಯಾಲೊರಿಯಲ್ಲಿ ಒಂದೇ ಪ್ರಮಾಣದ ಕಡಿತ. ಆರು ತಿಂಗಳಿಗೆ ಸರಾಸರಿ ಆರು ಕಿಲೋ ಇಳಿದಿದ್ದರು, ಎರಡು ವರ್ಷಕ್ಕೆ ಅದು ನಾಲ್ಕಕ್ಕೆ ನಿಂತಿತ್ತು. ನಾಲ್ಕು ಪಂಗಡಗಳಲ್ಲಿ ಎಣಿಸಬೇಕಾದ ಭೇದವೇ ಇಲ್ಲ. ಅಂದರೆ ತೂಕ ಎಷ್ಟು ಇಳಿಯುತ್ತದೆ ಎಂಬುದಕ್ಕೆ ‘ಎಷ್ಟು’ ಎಂಬುದೇ ಯಜಮಾನ.

ಹಾಗಾದರೆ ಕಾರ್ನಿಷನ ಬೇಳೆ ವ್ಯರ್ಥವೆ? ಅಲ್ಲ. ತಕ್ಕಡಿ ಕಳೆದುಹೋದದ್ದನ್ನು ಹೇಳುತ್ತದೆಯೇ ಹೊರತು ಕಳೆದದ್ದು ಕೊಬ್ಬೋ ಮಾಂಸವೋ ಎಂದು ಹೇಳುವುದಿಲ್ಲ. 2016ರಲ್ಲಿ ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದವರು 40 ಮಂದಿ ತರುಣರಿಗೆ ನಾಲ್ಕು ವಾರ ಕ್ಯಾಲೊರಿಯಲ್ಲಿ ನೂರಕ್ಕೆ ನಲವತ್ತು ಕಡಿದು ಕಠಿಣ ವ್ಯಾಯಾಮ ಮಾಡಿಸಿದರು. ಅರ್ಧ ಜನಕ್ಕೆ ಉಳಿದರ್ಧದ ಎರಡರಷ್ಟು ಪ್ರೋಟೀನು. ಹೆಚ್ಚು ಪ್ರೋಟೀನಿನವರು 4.8 ಕಿಲೋ ಕೊಬ್ಬು ಕಳೆದುಕೊಂಡು 1.2 ಕಿಲೋ ಮಾಂಸಖಂಡ ಗಳಿಸಿದರು. ಇನ್ನೊಂದು ಪಂಗಡದವರು 3.5 ಕಿಲೋ ಕೊಬ್ಬು ಕಳೆದರು, ಮಾಂಸಖಂಡ ಇದ್ದಲ್ಲೇ ಇತ್ತು. ಕೂಳು ಕಡಿಮೆಯಾಗಿ ಕೆಲಸ ಹೆಚ್ಚಾದಾಗ ಬೇಳೆಕಾಳು ಮೈಯ ಕಟ್ಟನ್ನು ಕಾಯುತ್ತದೆಂಬ ಕಾರ್ನಿಷನ ವಾದಕ್ಕೆ ಇದೊಂದು ಸಾಕ್ಷಿ. ಆದರೆ ಈ ತರುಣರ ಮೈಮೇಲೆ ಕರಗಿಸಲು ಕೊಬ್ಬಿತ್ತು. ಬಳ್ಳಾರಿಯ ಕೂಲಿಯವನ ಮೈಮೇಲೆ ಏನಿತ್ತು?

ಕೊನೆಗೆ ರಾಗಿಯ ಮಾತು. ಪಟ್ಟಣದಲ್ಲಿ ಈಗ ಮುದ್ದೆ ತೂಕ ಇಳಿಸುವ ಮದ್ದು. ನಮ್ಮ ಕಡೆ ಅದನ್ನು ತಿಂದದ್ದು ಹೊಟ್ಟೆ ಕಟ್ಟಿದಂತಿರಲಿ, ಸಂಜೆಯವರೆಗೆ ಹಸಿವು ಸುಳಿಯದಿರಲಿ ಎಂದು. ಅದೇ ಕೋಷ್ಟಕವನ್ನು ನೋಡಿದರೆ ನೂರು ಗ್ರಾಂ ರಾಗಿಯಲ್ಲಿ 321 ಕ್ಯಾಲೊರಿ, ಅಕ್ಕಿಯಲ್ಲಿ 356. ಅಂಥ ದೊಡ್ಡ ಅಂತರವೇನಲ್ಲ. ಪ್ರೋಟೀನಿನಲ್ಲಂತೂ ರಾಗಿಯೇ ಒಂದು ಕೂದಲೆಳೆ ಹಿಂದೆ. ಆದರೆ ನಾರು ಅಕ್ಕಿಯಲ್ಲಿ ಮೂರು ಗ್ರಾಮಿನೊಳಗೆ, ರಾಗಿಯಲ್ಲಿ ಹನ್ನೊಂದು; ಸುಣ್ಣದ ಅಂಶ 364 ಮಿಲಿಗ್ರಾಂ. ಮುದ್ದೆಗೆ ಪ್ರೋಟೀನು ಕೂಡಿಸುತ್ತಿದ್ದದ್ದು ಹುರುಳಿಕಟ್ಟಿನ ಸಾರು, ಅವರೆಕಾಳು, ಬೇಳೆ ಹಾಕಿದ ಸೊಪ್ಪಿನ ಸಾರು. ಕಾರ್ನಿಷನು ಕೇಳಿದ ಧಾನ್ಯ, ಕಾಳು, ತರಕಾರಿ ಮೂರೂ ಅಲ್ಲಿವೆ. ಆತ ಹೊಸದೇನನ್ನೂ ಕಂಡುಹಿಡಿದಿರಲಿಲ್ಲ. ನಮ್ಮವರ ತಟ್ಟೆಯನ್ನು ಕಣ್ಣಿಟ್ಟು ನೋಡಿದ್ದ.

ತಿರುಮಣಿಯ ಸುತ್ತಣ ಐದು ಊರುಗಳ ಸುಮಾರು 13,000 ಎಕರೆ ಹೊಲದಲ್ಲಿ 2018ರಿಂದ ಸೂರ್ಯನ ಬಿಸಿಲಿಗೆ ಮುಖವೊಡ್ಡಿದ ಗಾಜಿನ ಹಲಗೆಗಳು ಸಾಲುಗಟ್ಟಿವೆ. ರೈತರು ನೆಲ ಮಾರಿಲ್ಲ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಮೊದಲಾದ ಗುತ್ತಿಗೆಗೆ ಕೊಟ್ಟಿದ್ದಾರೆ. ಮಳೆ ಬಂದರೂ ಬಾರದಿದ್ದರೂ ಆ ಹಣ ಬರುತ್ತದೆ. ಹುರುಳಿಯನ್ನು ಮಾತ್ರ ಅಂಗಡಿಯಿಂದ ತರಬೇಕು.